ಸರದಿಯ ಲೆಕ್ಕ ಕಲಿಸಿದ ಪ್ರೊ. ಲಿಯೊನಾರ್ಡ್ ಕ್ಲೈನ್‌ರಾಕ್

ಕಂಪ್ಯೂಟರ್ ನೆಟ್‌ವರ್ಕ್ ಓದಲು ಹೊರಟವರು ಮೊದಲು ತಿಳಿದುಕೊಳ್ಳಬೇಕಾದ ಮೇಷ್ಟರಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಒಬ್ಬರು. 1934ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ 1957ರಲ್ಲಿ ಪದವಿ ಪಡೆದರು. ಮುಂದೆ ಎಂಐಟಿಯಲ್ಲಿ ಪಿಎಚ್‌ಡಿ ಮಾಡುವಾಗ ಸಹಪಾಠಿಗಳು ಕ್ಲಾಡ್ ಶ್ಯಾನನ್‌ರ ಮಾಹಿತಿ ಸಿದ್ಧಾಂತದ ಬೆನ್ನು ಹತ್ತಿದ್ದಾಗ, ಇವರು ಬೇರೆಯವರು ಅಷ್ಟಾಗಿ ಕೈಹಾಕದ ಪ್ರಶ್ನೆಯನ್ನು ಆರಿಸಿಕೊಂಡರು: ಕಂಪ್ಯೂಟರುಗಳ ಜಾಲದಲ್ಲಿ ಸಂದೇಶವೊಂದು ಎಷ್ಟು ಹೊತ್ತು ಕಾಯಬೇಕು?

ಮೊದಲು ಒಂದೇ ತಂತಿಯನ್ನು ನೋಡೋಣ. ಸಂದೇಶಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ಉದ್ದವೂ ಒಂದೇ ಸಮನಾಗಿರುವುದಿಲ್ಲ. ಅತಿ ಸರಳ ಮಾದರಿಯಲ್ಲಿ, ತಂತಿಯ ಶೇ. 50ರಷ್ಟು ಸಾಮರ್ಥ್ಯ ಬಳಕೆಯಾಗುತ್ತಿದ್ದರೆ ಸಂದೇಶ ದಾಟಲು ಖಾಲಿ ತಂತಿಗಿಂತ ಸರಾಸರಿ 2 ಪಟ್ಟು ಹೊತ್ತು ಬೇಕು. ಶೇ. 90 ಆದರೆ 10 ಪಟ್ಟು, ಶೇ. 95ಕ್ಕೆ 20 ಪಟ್ಟು! ಕೊನೆಯ ಆ ಶೇ. 5ರ ಹೆಚ್ಚಳ ದಾಟುವ ಹೊತ್ತನ್ನು ಇಮ್ಮಡಿಸಿತು.

ಒಂದು ತಂತಿಯ ಈ ಲೆಕ್ಕ ಟೆಲಿಫೋನ್ ಎಂಜಿನಿಯರುಗಳ ಕಾಲದಿಂದ ಬಂದದ್ದು. ಇಡೀ ಜಾಲಕ್ಕೆ ಅದನ್ನು ಹೊಂದಿಸುವಲ್ಲಿ ತೊಡಕಿತ್ತು. ಸಂದೇಶದ ಉದ್ದ ದಾರಿಯುದ್ದಕ್ಕೂ ಒಂದೇ ಆದ್ದರಿಂದ ಒಂದು ಕೇಂದ್ರದ ಸರದಿ ಮುಂದಿನದಕ್ಕೆ ಗಂಟುಬೀಳುತ್ತದೆ. ಈ ಗಂಟು ಬಿಡಿಸಲು, ಪ್ರತಿ ಕೇಂದ್ರದಲ್ಲೂ ಸಂದೇಶ ಹೊಸ ಉದ್ದ ಪಡೆಯುತ್ತದೆಂದು ಕ್ಲೈನ್‌ರಾಕ್ ಭಾವಿಸಿದರು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಆದರೂ ಉತ್ತರ ಬಹುಮಟ್ಟಿಗೆ ಸರಿಯೇ ಎಂದು ಕಂಪ್ಯೂಟರ್ ಪ್ರಯೋಗಗಳಿಂದ ತೋರಿಸಿದರು. ಈ ಪಿಎಚ್‌ಡಿ ಕೆಲಸ 1964ರಲ್ಲಿ ಪುಸ್ತಕವಾಯಿತು.

1963ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್ಎ ಸೇರಿದ ಕ್ಲೈನ್‌ರಾಕ್‌ಗೆ ಲೆಕ್ಕವನ್ನು ಒರೆಗೆ ಹಚ್ಚುವ ಅವಕಾಶವೂ ಸಿಕ್ಕಿತು. ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್‌ನ ಮೊದಲ ಕೇಂದ್ರ ಅವರ ಪ್ರಯೋಗಾಲಯವೇ. ಜಾಲವನ್ನು ಅಳೆದು ನೋಡುವ ಹೊಣೆಯೂ ಅವರದೇ. 1969ರ ಅಕ್ಟೋಬರ್ 29ರ ರಾತ್ರಿ ವಿದ್ಯಾರ್ಥಿ ಚಾರ್ಲಿ ಕ್ಲೈನ್ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂದು ಟೈಪಿಸತೊಡಗಿದರು. ಎರಡು ಅಕ್ಷರ ತಲುಪಿದ ಮೇಲೆ ಆ ಕಡೆಯ ಕಂಪ್ಯೂಟರ್ ಕೈಕೊಟ್ಟಿತು. ಸುಮಾರು ಒಂದು ಗಂಟೆಯ ನಂತರ ಸಂಪರ್ಕ ಪೂರ್ತಿಯಾಯಿತು.

ಅದೇ ಪ್ರಯೋಗಾಲಯದಲ್ಲಿ ಪಳಗಿದವರು ಸ್ಟೀವ್ ಕ್ರಾಕರ್, ವಿಂಟ್ ಸರ್ಫ್, ಜಾನ್ ಪೋಸ್ಟೆಲ್. ಸರ್ಫ್ ಮುಂದೆ ರಾಬರ್ಟ್ ಕಾನ್ ಜೊತೆ ಇಂಟರ್ನೆಟ್ಟಿನ ಮೂಲ ಪ್ರೊಟೊಕಾಲುಗಳಾದ ಟಿಸಿಪಿ/ಐಪಿಯನ್ನು ರೂಪಿಸಿದರು.

ಸಂದೇಶವನ್ನು ಚಿಕ್ಕ ತುಂಡುಗಳಾಗಿ ಕಳಿಸುವ ಪ್ಯಾಕೆಟ್ ಕಲ್ಪನೆಯಲ್ಲಿ ಪಾಲ್ ಬ್ಯಾರನ್ ಮತ್ತು ಡೊನಾಲ್ಡ್ ಡೇವಿಸ್ ಅವರ ಪಾಲು ದೊಡ್ಡದು, ಅದನ್ನು ಮರೆಯಬಾರದು. ಆದರೆ ಸರದಿಯ ಗಣಿತವನ್ನು ತರಗತಿಗೆ ತಂದು ತಲೆಮಾರುಗಳಿಗೆ ಕಲಿಸಿದ್ದು ಕ್ಲೈನ್‌ರಾಕ್‌ರ 'ಕ್ಯೂಯಿಂಗ್ ಸಿಸ್ಟಮ್ಸ್' ಸಂಪುಟಗಳು (1975, 1976). ಪ್ರೊಟೊಕಾಲುಗಳ ಹೆಸರು ಬಾಯಿಪಾಠ ಮಾಡುವ ಮೊದಲು ಈ ಸಂಪುಟಗಳಲ್ಲಿ ಮೊದಲನೆಯದನ್ನು ತೆರೆಯಿರಿ. ಒಂದು ತಂತಿಯ ಲೆಕ್ಕವನ್ನು ನೀವೇ ಕೈಯಾರೆ ಮಾಡಿ ನೋಡಿ.