ತುಪ್ಪದ ವ್ಯಾಪಾರಕ್ಕೆ ಮುದ್ರಾ ಸಾಲ: ಅರ್ಜಿಗೆ ಮೊದಲು ಲೆಕ್ಕ



ಮನೆಯ ತುಪ್ಪ, ಖೋವಾಗಳನ್ನು ಮೊಬೈಲ್ ಮೂಲಕ ದೂರದ ಗಿರಾಕಿಗಳಿಗೆ ಮಾರಬೇಕೆಂಬ ಉಮೇದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನಮ್ಮ ಸದಸ್ಯರ ಮನೆಗಳಲ್ಲಿ, ಅದರಲ್ಲೂ ಓದಿದ ಮಕ್ಕಳಲ್ಲಿ ಕಾಣುತ್ತಿದೆ. ಒಳ್ಳೆಯದೇ. ಕ್ರೀಮ್ ತೆಗೆಯುವ ಯಂತ್ರ, ತೂಕದ ಯಂತ್ರ, ಡಬ್ಬಿಗಳಿಗೆ ಹಣ ಬೇಕು. ಅದಕ್ಕೆ 2015ರ ಏಪ್ರಿಲ್ 8ರಂದು ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆ ಇದೆ. ಶಿಶು ಸಾಲ 50,000 ರೂ.ವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಹೊಲ, ಮನೆ ಅಡವು ಇಡಬೇಕಾಗಿಲ್ಲ.

"ಸರಕಾರದ ಸಾಲ" ಎಂಬ ಮಾತನ್ನು ಸರಿಯಾಗಿ ತಿಳಿಯಬೇಕು. ಹಣ ಬ್ಯಾಂಕಿನದು. ಸರಕಾರದ ಖಾತರಿ ಇರುವುದು ಬ್ಯಾಂಕಿಗೆ, ಸಾಲಗಾರನಿಗಲ್ಲ. ಇದರಲ್ಲಿ ಸಬ್ಸಿಡಿ ಇಲ್ಲ. ಕಂತು ತಪ್ಪಿದರೆ ಸಿಬಿಲ್ ದಾಖಲೆ ಕೆಡುತ್ತದೆ. ನಾಳೆ ಎಮ್ಮೆ ಕೊಳ್ಳಲು ಸಾಲ ಕೇಳಿದಾಗಲೂ ಅದೇ ಅಡ್ಡ ಬರುತ್ತದೆ.

ಒಂದು ಲೆಕ್ಕ ನೋಡಿ. 2 ಲಕ್ಷ ರೂ. ಸಾಲ, 5 ವರ್ಷ, ಬಡ್ಡಿ ಶೇ. 11 ಎಂದು ಹಿಡಿದರೆ ತಿಂಗಳ ಕಂತು ಸುಮಾರು 4,350 ರೂ. ಆಗುತ್ತದೆ. ಶೇ. 7 ಜಿಡ್ಡಿನ 100 ಲೀಟರ್ ಎಮ್ಮೆ ಹಾಲಿನಿಂದ ಮನೆಯ ಪದ್ಧತಿಯಲ್ಲಿ ಸಿಗುವ ತುಪ್ಪ ಸುಮಾರು 6 ಕಿಲೊ. ಆ ಹಾಲಿಗೆ ಸಂಘದಲ್ಲಿ ಬರುತ್ತಿದ್ದ ಹಣ, ಗ್ಯಾಸ್, ಡಬ್ಬಿ, ಕೊರಿಯರ್ ಎಲ್ಲ ಕಳೆದು ಕಿಲೊಗೆ 100 ರೂ. ಉಳಿಯಿತೆನ್ನೋಣ. ಕಂತಿಗೇ 44 ಕಿಲೊ ತುಪ್ಪ ಮಾರಬೇಕು. ಎಂದರೆ ದಿನಕ್ಕೆ 24 ಲೀಟರಿಗೂ ಹೆಚ್ಚು ಹಾಲು! ದಿನಕ್ಕೆ 6 ಲೀಟರ್ ಕೊಡುವ ನಾಲ್ಕು ಎಮ್ಮೆಗಳೂ ಸಾಲವು. ಮನೆಯವರ ಕೂಲಿ ಇದರಲ್ಲಿ ಸೇರಿಲ್ಲ.

ಇನ್ನು ಋತುವಿನ ಮಾತು. ನಮ್ಮ ಎಮ್ಮೆಗಳು ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದೊಳಗೆ ಈಯುತ್ತವೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮೇವು ಕಡಿಮೆ, ಹಾಲೂ ಕಡಿಮೆ. ಕಂತು ಮಾತ್ರ ಎಲ್ಲ ತಿಂಗಳೂ ಒಂದೇ. ಆದ್ದರಿಂದ ಯಂತ್ರಕ್ಕೆ ಮಾತ್ರ ಕಂತಿನ ಸಾಲ ಕೇಳಿ. ಡಬ್ಬಿ, ಕೊರಿಯರ್ ಖರ್ಚಿಗೆ ಮುದ್ರಾ ಕಾರ್ಡ್ ಕೇಳಿ. ಅದರಲ್ಲಿ ಬಳಸಿದ ಹಣಕ್ಕಷ್ಟೇ ಬಡ್ಡಿ. ಈ ವ್ಯತ್ಯಾಸವನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ.

ಆಧಾರ್, ಪ್ಯಾನ್, ಯಂತ್ರದ ದರಪಟ್ಟಿ, ಉದ್ಯಮ್ ನೋಂದಣಿ ಬೇಕು. ಉದ್ಯಮ್ ನೋಂದಣಿ ಉಚಿತ. ಸಂಘದ ಹಾಲಿನ ಬಟವಾಡೆ ಜಮೆಯಾದ ಪಾಸ್‌ಬುಕ್ಕನ್ನು ತಪ್ಪದೆ ಒಯ್ಯಿರಿ. ತಿಂಗಳು ತಿಂಗಳು ಹಣ ಬರುತ್ತದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮ್ಮಲ್ಲಿಲ್ಲ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದವರು ಗಮನಿಸಿ: 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ಇಟ್ಟಿಲ್ಲ. ಫೋನಿನಲ್ಲಿ "ಸಾಲ ಮಂಜೂರಾಗಿದೆ, ಫೀ ಕಟ್ಟಿ" ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಲ್ಲ ಹಾಲನ್ನೂ ಸಂಘಕ್ಕೆ ಹಾಕುವ ಸದಸ್ಯನಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ವಿನಾಯಿತಿ ಇದೆ. ತುಪ್ಪ ಮಾರಲು ತೊಡಗಿದೊಡನೆ ಅದು ಹೋಗುತ್ತದೆ. ನೋಂದಣಿ ಸಂಖ್ಯೆಯನ್ನು ಡಬ್ಬಿಯ ಮೇಲೆ ಮುದ್ರಿಸಬೇಕು. ಇಂಡಿಯವರಿಗೆ ಸೊಲ್ಲಾಪುರ ಹತ್ತಿರವೇ, ಆದರೆ ಅದು ಬೇರೆ ರಾಜ್ಯ. ಅಲ್ಲಿಗೆ ತುಪ್ಪ ಮಾರಲು, ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು.

ಸಂಘಕ್ಕೆ ಹಾಲು ಹಾಕುವುದನ್ನು ಪೂರ್ತಿ ನಿಲ್ಲಿಸುವ ಮೊದಲು ನಿಮ್ಮ ಸಂಘದ ಉಪವಿಧಿಯನ್ನು ಕಾರ್ಯದರ್ಶಿಯವರಿಂದ ಓದಿಸಿಕೊಳ್ಳಿ.