ಮುತ್ತಿಗೆಯ ಮಧ್ಯೆ ಕೊಂಡ ಹೊಲ

ಪಾಠದ ಭಾಗ: ಯೆರೆಮೀಯ 32:1–25



2025ರ ಮೇ 7 ನೆನಪಿದೆಯಾ? ಆಪರೇಷನ್ ಸಿಂಧೂರ ನಡೆದ ದಿನ. ಅದೇ ದಿನ ಬೆಂಗಳೂರಲ್ಲೂ ಅಣಕು ಕವಾಯತಿನ ಸೈರನ್ ಕೂಗಿತು. 10ನೇ ತಾರೀಖು ಕದನವಿರಾಮ ಆಗೋವರೆಗೆ ನಮ್ಮಲ್ಲಿ ಎಷ್ಟೋ ಜನ ಪಿಜಿ ರೂಮಲ್ಲಿ ರಾತ್ರಿಯೆಲ್ಲ ಫೋನ್ ನೋಡ್ತಾ ಕೂತಿದ್ವಿ. ಹೊರಗೆ ವೈಟ್‌ಫೀಲ್ಡ್ ರಸ್ತೆಗಳಲ್ಲಿ ಗುಲ್‌ಮೊಹರ್ ಕೆಂಪಗೆ ಅರಳಿತ್ತು. ಇಂಥ ಸಮಯದಲ್ಲಿ ಹೂವು ನೋಡಿ ಸಂತೋಷಪಡೋದು ತಪ್ಪಾ?

ಯೆರೆಮೀಯನನ್ನು ನೋಡಿ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪ್ರವಾದಿ ಕಾರಾಗೃಹದ ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ದೇವರು ಅವನಿಗೆ ಅನಾತೋತಿನ ಹೊಲ ಕೊಂಡುಕೊಳ್ಳಲು ಹೇಳಿದರು. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಮುಂದೆ ಪತ್ರಕ್ಕೆ ರುಜು ಹಾಕಿದ. ಬಹುಕಾಲ ಉಳಿಯಲಿ ಅಂತ ಅದನ್ನು ಮಣ್ಣಿನ ಮಡಕೆಯಲ್ಲಿ ಇಡಿಸಿದ. ಶತ್ರು ಕೈಗೆ ಹೋಗ್ತಿರೋ ನಾಡಲ್ಲಿ ಜಮೀನು ರಿಜಿಸ್ಟ್ರೇಷನ್! ನಮ್ಮ ಲೆಕ್ಕದಲ್ಲಿ ಪೂರ್ತಿ ನಷ್ಟ. ಆದರೆ ಜನ ಮತ್ತೆ ಅಲ್ಲಿ ಮನೆ, ಹೊಲ ಕೊಳ್ಳುವ ದಿನ ಬರುತ್ತೆ ಅಂತ ದೇವರು ವಾಗ್ದಾನ ಮಾಡಿದ್ದರು.

ಗಮನಿಸಿ, ರುಜು ಹಾಕಿದ ಮೇಲೂ ಅವನಿಗೆ ಗೊಂದಲ. ಅದನ್ನು ಬಚ್ಚಿಡಲಿಲ್ಲ, ಪ್ರಾರ್ಥನೆಯಲ್ಲೇ ಕೇಳಿದ. ಆ ಪಟ್ಟಣ ಬಿತ್ತು ಕೂಡ. ನಿರೀಕ್ಷೆ ಅಂದ್ರೆ ಏನೂ ಆಗಲ್ಲ ಅನ್ನೋ ಗ್ಯಾರಂಟಿ ಅಲ್ಲ. ಕೊನೆಯ ಮಾತು ಯುದ್ಧದ್ದಲ್ಲ, ದೇವರದ್ದು ಅನ್ನೋ ನಂಬಿಕೆ.

ಹಾಗಾಗಿ ಹೂವು ನೋಡಿ ಸ್ತೋತ್ರ ಹೇಳೋದು ಗಡಿಯ ಕಣ್ಣೀರನ್ನು ಮರೆಯೋದಲ್ಲ. ಈ ವಾರ ನೀವೂ ಒಂದು ಸಣ್ಣ ಹೊಲ ಕೊಳ್ಳಿ. ನ್ಯೂಸ್ ನೋಡುವ ಅರ್ಧ ಗಂಟೆಯನ್ನು ಯುದ್ಧದಲ್ಲಿ ನೊಂದ ಕುಟುಂಬಗಳ ಪ್ರಾರ್ಥನೆಗೆ ಕೊಡಿ. ಭಯದಲ್ಲಿರುವ ರೂಮ್‌ಮೇಟ್ ಜೊತೆ ಕೂತು ಊಟ ಮಾಡಿ. ಬಾಲ್ಕನಿಯ ಕುಂಡದಲ್ಲಿ ಒಂದು ಬೀಜ ಹಾಕಿ. ನಮ್ಮ ನಾಳೆ ದೇವರ ಕೈಯಲ್ಲಿದೆ. ಆಮೆನ್.