ಕೀಲೆಣ್ಣೆ ಮತ್ತು ಆಯಿಯ ಮೊಣಕಾಲು

ಕಳೆದ ರಜೆಗೆ ಕೌಜಲಗಿಗೆ ಹೋದಾಗ ಆಯಿ ಕಟ್ಟೆ ಮೇಲೆ ಕುಂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. "ತಮ್ಮಾ, ನೀ ಮೆಕ್ಯಾನಿಕಲ್ ಓದಾಕತ್ತಿಯಲ್ಲ, ಹೇಳು. ಮೊಣಕಾಲಾಗ ಎಣ್ಣಿ ಬಿಡೂ ಇಂಜೆಕ್ಷನ್ ಬಂದೈತಂತ. ಖರೇನ ನೋವು ಹೋಗತೈತೇನು?" ಕಬ್ಬಿನ ಬಿಲ್ಲು ಬಂದಮೇಲೆ ಬೆಳಗಾವಿಗೆ ಹೋಗಿ ಎರಡೂ ಕಾಲಿಗೆ ಹಾಕಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅದೇ ದುಡ್ಡಿನಲ್ಲಿ ತಂಗಿಯ ಫೀ ಕೂಡ ಕಟ್ಟಬೇಕು. ನಾನು ಹಿಂದೆಮುಂದೆ ನೋಡದೆ, "ಹೌದಾಯಿ, ಚಕ್ಕಡಿಗೆ ಕೀಲೆಣ್ಣಿ ಹಾಕಿದಂಗ" ಅಂದುಬಿಟ್ಟೆ. ಹಾಸ್ಟೆಲಿಗೆ ಬಂದು ಓದಿದಮೇಲೆ ಗೊತ್ತಾಯಿತು, ನನ್ನ ಉತ್ತರ ಅರ್ಧಕ್ಕರ್ಧ ತಪ್ಪು.

ಕೀಲಿನೊಳಗೆ ಏನಿದೆ?

ಮೊಣಕಾಲಿನಲ್ಲಿ ಎಲುಬಿನ ತುದಿಗಳಿಗೆ ಕಾರ್ಟಿಲೇಜ್ ಎಂಬ ನುಣುಪಾದ ಹೊದಿಕೆ ಇರುತ್ತದೆ. ನಡುವೆ ಇರುವುದು ಕೆಲವೇ ಮಿಲಿಲೀಟರ್ ಸೈನೋವಿಯಲ್ ದ್ರವ. ಮೊಟ್ಟೆಯ ಬಿಳಿಯಂತೆ ಜಿಗುಟಾದ ಈ ದ್ರವಕ್ಕೆ ಆ ಗುಣ ಕೊಡುವುದು ಹಯಲುರೋನಿಕ್ ಆಸಿಡ್. ಇದೊಂದು ಬಹಳ ಉದ್ದದ ಪಾಲಿಮರ್ ಸರಪಳಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇಲ್ಲಿ ಮಜಾ ಇದೆ. ಈ ದ್ರವ ನ್ಯೂಟನ್ನನ ನಿಯಮಕ್ಕೆ ಬಗ್ಗುವುದಿಲ್ಲ. ಶಿಯರ್ ದರ ಏರಿದಂತೆ ಸ್ನಿಗ್ಧತೆ ಇಳಿಯುತ್ತದೆ. ಒಮ್ಮೆಲೇ ಪೆಟ್ಟು ಬಿದ್ದರೆ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಆರೋಗ್ಯವಂತ ಕೀಲಿನ ಘರ್ಷಣಾ ಗುಣಾಂಕ 0.01ರ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕೂ ಕಡಿಮೆ ಇರುತ್ತದೆ. ಒಣ ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ 0.5ಕ್ಕೂ ಹೆಚ್ಚು!

ಅಸ್ಥಿಸಂಧಿವಾತ ಬಂದಾಗ ಹಯಲುರೋನಿಕ್ ಆಸಿಡ್‌ನ ಸರಪಳಿಗಳು ತುಂಡಾಗುತ್ತವೆ, ಸಾಂದ್ರತೆಯೂ ಇಳಿಯುತ್ತದೆ. ದ್ರವ ನೀರಾಗುತ್ತದೆ. ಹಾಗಾದರೆ ಹೊರಗಿನಿಂದ ತುಂಬಿದರಾಯಿತಲ್ಲ? ಎಂಡ್ರೆ ಬಲಾಜ್ ಎಂಬ ವಿಜ್ಞಾನಿ ಹಿಡಿದ ದಾರಿ ಇದೇ. ಕೋಳಿಹುಂಜದ ಜುಟ್ಟಿನಿಂದ ಶುದ್ಧ ಹಯಲುರೋನಿಕ್ ಆಸಿಡ್ ತೆಗೆಯುವುದನ್ನು ಅವರು ಸಾಧಿಸಿದರು. ಈಗ ಬ್ಯಾಕ್ಟೀರಿಯಾಗಳಿಂದಲೂ ತಯಾರಿಸುತ್ತಾರೆ. ಅಮೆರಿಕದಲ್ಲಿ ಮೊಣಕಾಲಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ, ಅದೂ ಔಷಧವೆಂದಲ್ಲ, ವೈದ್ಯಕೀಯ ಸಾಧನವೆಂದು. ಕೆಲವು ಬ್ರ್ಯಾಂಡ್‌ಗಳನ್ನು ವಾರಕ್ಕೊಂದರಂತೆ ಮೂರರಿಂದ ಐದು ಸಲ ಕೊಡುತ್ತಾರೆ, ಕೆಲವನ್ನು ಒಂದೇ ಸಲ.

ಚಕ್ಕಡಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಮೊದಲನೆಯದು: ಹಾಕಿದ ಎಣ್ಣೆ ಅಲ್ಲಿ ನಿಲ್ಲುವುದಿಲ್ಲ. ಸಾದಾ ಹಯಲುರೋನಿಕ್ ಆಸಿಡ್ ಒಂದೆರಡು ದಿನದಲ್ಲಿ, ಕ್ರಾಸ್‌ಲಿಂಕ್ ಮಾಡಿದ್ದು ಅದಕ್ಕಿಂತ ನಿಧಾನವಾಗಿ ಬಹುಪಾಲು ಕರಗಿಹೋಗುತ್ತದೆ. ತಿಂಗಳುಗಟ್ಟಲೆ ಆರಾಮ ಸಿಕ್ಕರೆ ಅದಕ್ಕೆ ಕಾರಣ ಬರೀ ಲೂಬ್ರಿಕೇಶನ್ ಆಗಿರಲಾರದು.

ಎರಡನೆಯದು: ಕಾರ್ಟಿಲೇಜ್ ಗಟ್ಟಿ ಬೇರಿಂಗ್ ಅಲ್ಲ, ನೀರು ಕುಡಿದ ಸ್ಪಂಜು. ಭಾರ ಬಿದ್ದಾಗ ಒಳಗಿನ ನೀರಿನ ಒತ್ತಡವೇ ಬಹುಪಾಲು ಭಾರ ಹೊರುತ್ತದೆ. ಸ್ಪಂಜೇ ಸವೆದರೆ ಮೇಲಿನ ಎಣ್ಣೆ ಎಷ್ಟು ಮಾಡೀತು?

ಮೂರನೆಯದು: ಕಾರ್ಟಿಲೇಜಿಗೆ ನರಗಳೇ ಇಲ್ಲ. ನೋವು ಹುಟ್ಟುವುದು ಎಲುಬು, ಕೀಲಿನ ಪೊರೆ, ಸುತ್ತಲಿನ ಅಂಗಾಂಶಗಳಿಂದ. ಘರ್ಷಣೆ ಇಳಿದರೆ ನೋವೂ ಅಷ್ಟೇ ಇಳಿಯಬೇಕೆಂಬ ಸಮೀಕರಣ ಇಲ್ಲಿಲ್ಲ.

ಪರೀಕ್ಷೆಗಳು ಏನು ಹೇಳುತ್ತವೆ?

2022ರಲ್ಲಿ ಬಿಎಂಜೆ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ನಕಲಿ ಇಂಜೆಕ್ಷನ್‌ ಜೊತೆ ಹೋಲಿಸಿದ 24 ದೊಡ್ಡ ಪ್ರಯೋಗಗಳ ಸುಮಾರು 9,000 ಜನರ ಲೆಕ್ಕ ಹಾಕಿದ್ದಾರೆ. 100 ಮಿಲಿಮೀಟರ್ ನೋವಿನ ಅಳತೆಪಟ್ಟಿಯಲ್ಲಿ ಎರಡರ ನಡುವಿನ ವ್ಯತ್ಯಾಸ ಬರೀ 2 ಮಿಲಿಮೀಟರ್. ರೋಗಿಗೆ ಗೊತ್ತಾಗಬೇಕಾದರೆ ಸುಮಾರು 9 ಬೇಕು. ಹಾಗಂತ ಇಂಜೆಕ್ಷನ್ ಮಾಡಿಸಿಕೊಂಡು "ಆರಾಮಾಗೇತಿ" ಅನ್ನುವವರು ಸುಳ್ಳು ಹೇಳುವುದಿಲ್ಲ. ಉಪ್ಪುನೀರು ಚುಚ್ಚಿಸಿಕೊಂಡವರಿಗೂ ನೋವು ಇಳಿದಿರುತ್ತದೆ, ಅಷ್ಟೇ. ಇಂಗ್ಲೆಂಡಿನ ನೈಸ್ ಸಂಸ್ಥೆ ಈ ಇಂಜೆಕ್ಷನ್ ಕೊಡಬೇಡಿ ಎನ್ನುತ್ತದೆ. ಅಮೆರಿಕದ ಮೂಳೆ ವೈದ್ಯರ ಅಕಾಡೆಮಿ ಎಲ್ಲರಿಗೂ ವಾಡಿಕೆಯಂತೆ ಕೊಡುವುದು ಬೇಡ ಎನ್ನುತ್ತದೆ. ಕೆಲವು ತಜ್ಞರ ಗುಂಪುಗಳು ಆಯ್ದ ರೋಗಿಗಳಿಗೆ ಆಗಬಹುದು ಎನ್ನುತ್ತವೆ. ಚುಚ್ಚಿದ ಜಾಗದಲ್ಲಿ ನೋವು, ಬಾವು ಬರಬಹುದು. ಅಪರೂಪಕ್ಕೆ ಸೋಂಕೂ ಆಗಬಹುದು. ಕೀಲು ಬಿಸಿಯಾಗಿ ಕೆಂಪಾಗಿ ಜ್ವರ ಬಂದರೆ ತಡಮಾಡಬಾರದು.

ಹಾಗಾದರೆ ಏನು ಮಾಡೋದು?

ಬಹುತೇಕ ಎಲ್ಲ ಮಾರ್ಗಸೂಚಿಗಳೂ ಒಪ್ಪುವುದು ಎರಡು: ವ್ಯಾಯಾಮ, ಹೆಚ್ಚಿದ್ದರೆ ತೂಕ ಇಳಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ತೊಡೆಯ ಮುಂದಿನ ಸ್ನಾಯು ಬಲವಾದರೆ ಕೀಲಿಗೆ ಆಸರೆ ಸಿಗುತ್ತದೆ. ಜೊತೆಗೆ ನೋವಿರುವ ಕಾಲಿನ ವಿರುದ್ಧ ಕೈಯಲ್ಲಿ ಕೋಲು, ವೈದ್ಯರು ಹೇಳಿದ ನೋವಿನ ಜೆಲ್. ತೀರಾ ಸವೆದಿದ್ದರೆ ಕೀಲು ಬದಲಾವಣೆ.

ಮುಂದಿನ ಭಾನುವಾರ ಫೋನ್ ಹಚ್ಚಿದೆ. "ಆಯಿ, ನಾ ಅವತ್ತ ಹೇಳಿದ್ದು ತಪ್ಪು. ಮೊದ್ಲ ಡಾಕ್ಟರಿಗೆ ಕೇಳೂಣು: ಇದರಿಂದ ನನಗೆಷ್ಟು ಫರಕ್ ಬೀಳತೈತಿ, ಬ್ಯಾರೆ ದಾರಿ ಏನೈತಿ, ಖರ್ಚೆಷ್ಟು ಅಂತ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇಂಜಿನಿಯರ ಆದಮ್ಯಾಲೂ ಹಿಂಗ ತಪ್ಪು ಒಪ್ಕೊಂತಿಯೇನು?" ಅಂದಳು. ಈಗ ದಿನಾ ಮುಂಜಾನೆ ಹೊರಸಿನ ಮೇಲೆ ಕುಂತು ಒಂದೊಂದೇ ಕಾಲು ನೀಟಾಗಿ ಚಾಚಿ ಹತ್ತು ಎಣಿಸುತ್ತಾಳೆ. ಎಣಿಕೆ ತಪ್ಪಿದರೆ ತಂಗಿ ಕೂಗುತ್ತಾಳಂತೆ.